ಹುಲ್ಲು ಕತ್ತರಿಸುವ ಸವಾರಿ ಗಾಡಿ ಚಾಲೂ ಆಗದಿದ್ದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಕಾಲೇಜಿನ ಆವರಣ, ಸಕ್ಕರೆ ಕಾರ್ಖಾನೆಯ ಕಾಲೊನಿ, ರೆಸಾರ್ಟ್, ದೊಡ್ಡ ತೋಟದ ಮನೆಗಳಲ್ಲಿ ಲಾನ್ ನೋಡಿಕೊಳ್ಳುವವರಿಗಾಗಿ ಈ ಪುಟ. ಸೀಟಿನ ಮೇಲೆ ಕುಳಿತು ಓಡಿಸುವ, ಒಂದೇ ಸಿಲಿಂಡರಿನ, ಕಾರ್ಬುರೇಟರ್ ಇರುವ, 12 ವೋಲ್ಟ್ ಬ್ಯಾಟರಿಯ ಸಣ್ಣ ಪೆಟ್ರೋಲ್ ಗಾಡಿಯನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇವೆ. ಡೀಸೆಲ್ ಗಾಡಿಗೆ ಇದರಲ್ಲಿ ಅರ್ಧ ಮಾತ್ರ ಅನ್ವಯಿಸುತ್ತದೆ. ಅಳತೆಗಳು ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಇದ್ದರೆ ಪುಸ್ತಕದ್ದನ್ನೇ ಹಿಡಿಯಿರಿ. ಪ್ರಶ್ನೆಗಳನ್ನು ಜನ ಕೇಳುವ ಮಾತಿನಲ್ಲೇ ಇಟ್ಟಿದ್ದೇವೆ.

ಗಾಡಿ ಚಾಲೂ ಆಗವಲ್ದು. ಮೊದಲ ಏನು ನೋಡ್ಬೇಕ್ರಿ?

ಕಿವಿಗೊಟ್ಟು ಕೇಳಿ. ಚಾವಿ ತಿರುವಿದಾಗ ಬರುವ ಸಪ್ಪಳವೇ ಅರ್ಧ ಉತ್ತರ ಹೇಳುತ್ತದೆ. ಏನೂ ಸಪ್ಪಳವಿಲ್ಲದಿದ್ದರೆ ಸುರಕ್ಷತಾ ಸ್ವಿಚ್ಚು, ಫ್ಯೂಸು, ಇಲ್ಲವೇ ಪೂರ್ತಿ ಸತ್ತ ಬ್ಯಾಟರಿ. ಟಕ್ ಎಂದು ನಿಂತರೆ ಬ್ಯಾಟರಿ, ಟರ್ಮಿನಲ್, ಇಲ್ಲವೇ ಸೊಲೆನಾಯ್ಡ್ (ಎಂಜಿನ್ ತಿರುಗಿಸುವ ಸೆಲ್ಫ್ ಮೋಟರಿಗೆ ಕರೆಂಟ್ ಬಿಡುವ ಸ್ವಿಚ್ಚು). ಎಂಜಿನ್ ಚೆನ್ನಾಗಿ ತಿರುಗುತ್ತದೆ, ಆದರೆ ಹಿಡಿದುಕೊಳ್ಳುವುದಿಲ್ಲ ಎಂದರೆ ಕಿಡಿ ಅಥವಾ ಪೆಟ್ರೋಲ್.

ಈ ಮೂರರಲ್ಲಿ ಯಾವುದು ಎಂದು ಗೊತ್ತಾಗುವ ಮೊದಲು ಪಾನಾ ಕೈಗೆತ್ತಿಕೊಳ್ಳಬೇಡಿ. ಗಾಡಿ ನಿಂತ ಕೂಡಲೇ ಕಾರ್ಬುರೇಟರ್ ಬಿಚ್ಚುವ ಚಟ ನಮ್ಮ ಕಡೆ ಭಾಳ. ಬ್ಯಾಟರಿಯ ಬೋಲ್ಟ್ ಸಡಿಲಾದ ಗಾಡಿಗೆ ಕಾರ್ಬುರೇಟರ್ ತೊಳೆದರೆ ಏನೂ ಆಗುವುದಿಲ್ಲ. ಹಳೆಯ ಗ್ಯಾಸ್ಕೆಟ್ ಹರಿದು ಹೊಸದೊಂದು ರಗಳೆ ಹುಟ್ಟುತ್ತದೆ, ಅಷ್ಟೇ.

ಚಾವಿ ತಿರುವಿದ್ರ ಏನೂ ಸಪ್ಪಳಿಲ್ಲ. ಬ್ಯಾಟರಿ ಹೋಗಿರಬೇಕಲ್ಲ?

ಇರಬಹುದು. ಆದರೆ ಮೊದಲು ಇದನ್ನು ಮಾಡಿ: ಸೀಟಿನ ಮೇಲೆ ಸರಿಯಾಗಿ ಕುಳಿತು, ಬ್ರೇಕ್ ಪೆಡಲನ್ನು ಕೊನೆಯವರೆಗೂ ಒತ್ತಿ, ಬ್ಲೇಡಿನ ಲಿವರ್ ಅಥವಾ ಹಳದಿ ಗುಂಡಿಯನ್ನು ಆಫ್ ಮಾಡಿ, ಗೇರ್ ನ್ಯೂಟ್ರಲ್‌ಗೆ ತಂದು ಚಾವಿ ತಿರುವಿ. ಬ್ರೇಕ್ ಒತ್ತಿಲ್ಲ ಅಥವಾ ಬ್ಲೇಡ್ ಆನ್ ಇದೆ ಎಂದರೆ ಸೆಲ್ಫ್‌ಗೆ ಕರೆಂಟ್ ಹೋಗದಂತೆ ಈ ಗಾಡಿಗಳನ್ನು ಕಟ್ಟಿರುತ್ತಾರೆ. ಕಾರು ಓಡಿಸಿ ರೂಢಿಯಾದವರು ಪೆಡಲನ್ನು ಅರ್ಧ ಒತ್ತಿ "ಗಾಡಿ ಸತ್ತದ" ಎನ್ನುವುದು ದಿನದ ಮಾತು.

ಅದಾದ ಮೇಲೂ ಸಪ್ಪಳವಿಲ್ಲದಿದ್ದರೆ ಫ್ಯೂಸ್ ತೆಗೆದು ಬೆಳಕಿಗೆ ಹಿಡಿದು ನೋಡಿ. ಸಾಮಾನ್ಯವಾಗಿ 15 ಅಥವಾ 20 ಆಂಪಿಯರಿನ ಚಪ್ಪಟೆ ಫ್ಯೂಸ್, ಬ್ಯಾಟರಿ ಹತ್ತಿರ ಅಥವಾ ಡ್ಯಾಶ್ ಕೆಳಗೆ ಇರುತ್ತದೆ. ಹೊಸದು ಹಾಕಿದ ತಕ್ಷಣ ಮತ್ತೆ ಸುಟ್ಟರೆ ಎಲ್ಲೋ ವೈರ್ ಬಾಡಿಗೆ ತಾಗುತ್ತಿದೆ. ಅಲ್ಲಿ ತಂತಿ ಸುತ್ತಿ ಕೆಲಸ ನಡೆಸಬೇಡಿ, ಪೆಟ್ರೋಲ್ ಟ್ಯಾಂಕ್ ಎರಡು ಗೇಣು ದೂರದಲ್ಲಿರುತ್ತದೆ.

ಫ್ಯೂಸ್ ಸರಿ ಇದ್ದರೆ ಸೊಲೆನಾಯ್ಡಿನ ಸಣ್ಣ ವೈರಿಗೆ ಮಲ್ಟಿಮೀಟರ್ ಹಿಡಿದು, ಇನ್ನೊಬ್ಬರಿಗೆ ಸೀಟಿನ ಮೇಲೆ ಕುಳಿತು ಬ್ರೇಕ್ ಒತ್ತಿ ಚಾವಿ ತಿರುವಲು ಹೇಳಿ. ಅಲ್ಲಿ 12 ವೋಲ್ಟ್ ಬರುತ್ತಿದ್ದು ಟಕ್ ಎನ್ನದಿದ್ದರೆ ಸೊಲೆನಾಯ್ಡ್ ಹೋಗಿದೆ, ಇಲ್ಲವೇ ಅದಕ್ಕೆ ಅರ್ತ್ ಸಿಗುತ್ತಿಲ್ಲ. ವೋಲ್ಟೇಜ್ ಬರದಿದ್ದರೆ ಹಿಂದಕ್ಕೆ ಹೋಗಿ: ಬ್ರೇಕ್ ಸ್ವಿಚ್, ಬ್ಲೇಡ್ ಸ್ವಿಚ್, ಚಾವಿಯ ಸ್ವಿಚ್. ಬ್ರೇಕ್ ಸ್ವಿಚ್ಚು ಪೆಡಲಿನ ಕೆಳಗೆ, ಹುಲ್ಲಿನ ಹಸಿ ರಸ ಮತ್ತು ಎರೆಮಣ್ಣಿನ ಧೂಳು ಕೂರುವ ಜಾಗದಲ್ಲೇ ಇರುವುದರಿಂದ ಎಲ್ಲಕ್ಕಿಂತ ಮೊದಲು ಕೆಡುವುದು ಅದೇ. ಹಲವು ಸಲ ಸ್ವಿಚ್ ಸತ್ತಿರುವುದಿಲ್ಲ. ಒಣಗಿದ ಹುಲ್ಲು ಅಡ್ಡ ಕೂತು ಅದರ ಗುಂಡಿ ಪೂರ್ತಿ ಒತ್ತುತ್ತಿರುವುದಿಲ್ಲ.

ಬರೇ ಟಕ್ ಅಂತದ, ಮುಂದ ತಿರಗಂಗಿಲ್ಲ. ಹೊಸಾ ಬ್ಯಾಟರಿ ತರಲೇನು?

ದುಡ್ಡು ಕೊಡುವ ಮೊದಲು ಅಳೆಯಿರಿ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಡ್ಡಿಗಳನ್ನು ಬ್ಯಾಟರಿಯ ಸೀಸದ ಕಂಬಕ್ಕೇ ಮುಟ್ಟಿಸಿ. ಗಾಡಿ ಕೆಲವು ತಾಸು ಸುಮ್ಮನೆ ನಿಂತಿದ್ದಾಗ 12.6 ಅಥವಾ ಹೆಚ್ಚು ಬಂದರೆ ಪೂರ್ತಿ ಚಾರ್ಜ್. 12.4ಕ್ಕೆ ಮುಕ್ಕಾಲು, 12.2ಕ್ಕೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಬರಿದಾಗಿದೆ ಎಂದೇ ಲೆಕ್ಕ. ಮೊದಲು ಚಾರ್ಜ್ ಮಾಡಿ, ಆಮೇಲೆ ಮಾತು.

ಆದರೆ ಸುಮ್ಮನೆ ನಿಂತಾಗಿನ 12.6 ಮೋಸ ಮಾಡಬಹುದು. ಸೆಲ್ಫ್ ಹೊಡೆಯುವಾಗ ಅದೇ ಮೀಟರ್ ನೋಡಿ. 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಒಳಗೆ ಸೋತಿದೆ. 12ರಲ್ಲೇ ನಿಂತು ಎಂಜಿನ್ ಮಾತ್ರ ತಿರುಗುತ್ತಿಲ್ಲ ಎಂದರೆ ಬ್ಯಾಟರಿ ಚೆನ್ನಾಗಿದೆ, ಕರೆಂಟು ದಾರಿಯಲ್ಲಿ ಎಲ್ಲೋ ನಿಂತಿದೆ.

ಎಲ್ಲಿ ನಿಂತಿದೆ? ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬಕ್ಕೆ, ಇನ್ನೊಂದು ಸೆಲ್ಫ್ ಮೋಟರಿನ ದಪ್ಪ ವೈರಿನ ಬೋಲ್ಟಿಗೆ ಇಟ್ಟು ಚಾವಿ ತಿರುವಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ದಾರಿಯಲ್ಲಿ ತಡೆ ಇದೆ; ಪೂರ್ತಿ 12 ತೋರಿಸಿದರೆ ಸೊಲೆನಾಯ್ಡ್ ಒಳಗೆ ಕರೆಂಟು ದಾಟುತ್ತಲೇ ಇಲ್ಲ. ಹಾಗೆಯೇ ಮೈನಸ್ ಕಂಬ ಮತ್ತು ಎಂಜಿನ್ನಿನ ಬರಿ ಲೋಹದ ನಡುವೆ 0.2–0.3 ವೋಲ್ಟಿಗಿಂತ ಹೆಚ್ಚು ಬರಬಾರದು. ಬಂದರೆ ಅರ್ತ್ ವೈರ್ ಚಾಸಿಗೆ ಕೂಡುವ ಬೋಲ್ಟ್ ಬಿಚ್ಚಿ. ಮಳೆಯಲ್ಲಿ ನೆನೆದ ಗಾಡಿಯಾದರೆ ಅಲ್ಲಿ ಬಣ್ಣದ ಕೆಳಗೆ ಕಂದು ತುಕ್ಕು ಕಾಣುತ್ತದೆ. ಲೋಹ ಹೊಳೆಯುವವರೆಗೂ ಉಜ್ಜಿ ಬಿಗಿ ಮಾಡಿ.

ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಬೆರೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಿರಿ. ಬುಸಬುಸ ನೊರೆ ನಿಲ್ಲುವ ತನಕ. ಬ್ಯಾಟರಿ ಒಳಗೆ ಆ ನೀರು ಹೋಗಬಾರದು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

ಟಕಟಕಟಕ ಅಂತ ಒಂದ ಸವನ ಹೊಡಕೋತದ. ಅದೂ ಇದೇನಾ?

ಅದು ಹೆಚ್ಚು ಕಡಿಮೆ ಬ್ಯಾಟರಿಯೇ. ಸೊಲೆನಾಯ್ಡ್ ಎಳೆಯುತ್ತದೆ, ಸೆಲ್ಫ್ ಕರೆಂಟ್ ಕೇಳಿದ ಕೂಡಲೇ ವೋಲ್ಟೇಜ್ ಬಿದ್ದು ಬಿಡುತ್ತದೆ, ಮತ್ತೆ ಎಳೆಯುತ್ತದೆ.

ಬ್ಯಾಟರಿ ವರ್ಷಕ್ಕೊಂದು ಹೋಗ್ತಾವ. ಯಾಕ?

ಮೂರು ಕಾರಣ. ಒಂದು, ಕಾರಿನ ಬ್ಯಾಟರಿಗೆ ಹಾಕುವ ಚಾರ್ಜರಿನಲ್ಲೇ ಇದನ್ನೂ ಹಾಕುತ್ತಾರೆ. ಈ ಗಾಡಿಯ ಬ್ಯಾಟರಿ ಚಿಕ್ಕದು. ಅದರ ಆಂಪಿಯರ್-ಅವರ್‌ನ (ಬ್ಯಾಟರಿಯ ಮೇಲೆ Ah ಎಂದು ಬರೆದ ಸಾಮರ್ಥ್ಯದ) ಹತ್ತನೇ ಒಂದು ಭಾಗ, ಅಂದರೆ 2ರಿಂದ 3 ಆಂಪಿಯರಿನಲ್ಲಿ ರಾತ್ರಿಯಿಡೀ ನಿಧಾನಕ್ಕೆ ಚಾರ್ಜ್ ಆಗಬೇಕು. 10 ಆಂಪಿಯರಿನಲ್ಲಿ ಕುದಿಸಿದರೆ ಪ್ಲೇಟುಗಳು ಸೊಟ್ಟಾಗುತ್ತವೆ. ಎರಡು, ವಿಜಯಪುರದ ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ ನಿಂತ ಬ್ಯಾಟರಿಯ ನೀರು ಬೇಗ ಆರುತ್ತದೆ. ಮುಚ್ಚಳ ಬಿಚ್ಚುವ ನಮೂನೆಯದಾದರೆ ಮಾರ್ಚಿನಿಂದ ಜೂನ್ ತನಕ 15 ದಿನಕ್ಕೊಮ್ಮೆ ಇಣುಕಿ, ಪ್ಲೇಟ್ ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಹಾಕಿ. ಬೋರ್‌ವೆಲ್ ನೀರು ಬೇಡ, ಅದರ ಲವಣ ಬ್ಯಾಟರಿಯನ್ನು ತಿನ್ನುತ್ತದೆ. ಮೂರು, ಗಾಡಿಯೇ ಚಾರ್ಜ್ ಮಾಡುತ್ತಿರುವುದಿಲ್ಲ. ಪೂರ್ತಿ ಆಕ್ಸಿಲರೇಟರಿನಲ್ಲಿ ಓಡುತ್ತಿರುವಾಗ ಬ್ಯಾಟರಿಯ ಮೇಲೆ 13.5ರಿಂದ 14.5 ವೋಲ್ಟ್ ಬರಬೇಕು. 12.4ರಲ್ಲೇ ನಿಂತಿದ್ದರೆ ಡಯೋಡ್, ರೆಗ್ಯುಲೇಟರ್ ಅಥವಾ ಅದರ ಕನೆಕ್ಟರ್ ನೋಡಿ.

ಬದಲಿಸುವಾಗ ಅಳತೆ ಜೊತೆಗೆ ಪ್ಲಸ್ ಕಂಬ ಯಾವ ಕಡೆಗಿದೆ ಎಂದು ಹಳೆಯದನ್ನು ಅಂಗಡಿಗೇ ಒಯ್ದು ತೋರಿಸಿ. ಕಂಬ ಉಲ್ಟಾ ಇದ್ದರೆ ವೈರ್ ಮುಟ್ಟುವುದಿಲ್ಲ. ಎಳೆದು ಉಲ್ಟಾ ಜೋಡಿಸಿದರೆ ರೆಗ್ಯುಲೇಟರ್ ಅಲ್ಲೇ ಸುಡುತ್ತದೆ.

ಸೊಲೆನಾಯ್ಡಿಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಾಲೂ ಮಾಡಬಹುದೇನ್ರಿ?

ಮಾಡುತ್ತಾರೆ. ಎರಡು ದಪ್ಪ ಬೋಲ್ಟುಗಳನ್ನು ಕೂಡಿಸಿದರೆ ಎಲ್ಲ ಸುರಕ್ಷತಾ ಸ್ವಿಚ್ಚುಗಳನ್ನೂ ದಾಟಿ ಸೆಲ್ಫ್ ತಿರುಗುತ್ತದೆ, ಅಪಾಯ ಇರುವುದು ಅಲ್ಲೇ. ಗೇರಿನಲ್ಲಿದ್ದ ಗಾಡಿ ನಿಮ್ಮ ಕಾಲ ಮೇಲೆ ಹತ್ತುತ್ತದೆ. ಮೇಲೆ ಹೇಳಿದ ಮೀಟರ್ ಪರೀಕ್ಷೆ ಅದೇ ಉತ್ತರವನ್ನು ಕಿಡಿ ಹಾರಿಸದೇ ಕೊಡುತ್ತದೆ.

ಎಂಜಿನ್ ಅರ್ಧ ಸುತ್ತಿ ಗಕ್ಕನೆ ನಿಂತ್ಬಿಡ್ತದ. ಬ್ಯಾಟರಿ ಹೊಸಾದು, ಸೆಲ್ಫೂ ಹೊಸಾದು.

ಈ ಪ್ರಶ್ನೆ ಕೇಳುವವರು ಆಗಲೇ ಸಾಕಷ್ಟು ದುಡ್ಡು ಸುರಿದಿರುತ್ತಾರೆ. ತಪ್ಪು ಹೆಚ್ಚಾಗಿ ವಾಲ್ವಿನ ಸಂದಿನಲ್ಲಿ, ಅಂದರೆ ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಣ್ಣ ಜಾಗದಲ್ಲಿ ಇರುತ್ತದೆ.

ದೊಡ್ಡ ಸಿಲಿಂಡರ್ ಒಂದನ್ನು ಸಣ್ಣ ಸೆಲ್ಫ್ ತಿರುಗಿಸಬೇಕಾದರೆ ಒಳಗಿನ ಒತ್ತಡವನ್ನು ಸ್ವಲ್ಪ ಬಿಡಲೇಬೇಕು. ಅದಕ್ಕಾಗಿ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟಿನ ಮೇಲೆ ಒಂದು ಸಣ್ಣ ಉಬ್ಬು ಇರುತ್ತದೆ. ನಿಧಾನ ತಿರುಗುವಾಗ ಅದು ವಾಲ್ವನ್ನು ಕೂದಲೆಳೆಯಷ್ಟು ಎತ್ತಿ ಗಾಳಿ ಬಿಡುತ್ತದೆ. ವಾಲ್ವಿನ ಸಂದು ಸವೆದು ದೊಡ್ಡದಾದರೆ ಈ ಉಬ್ಬು ವಾಲ್ವಿಗೆ ಮುಟ್ಟುವುದೇ ಇಲ್ಲ. ಪಿಸ್ಟನ್ ಮೇಲೆ ಬಂದಾಗ ಪೂರ್ತಿ ಒತ್ತಡಕ್ಕೆ ಡಿಕ್ಕಿ ಹೊಡೆದು ಸೆಲ್ಫ್ ನಿಲ್ಲುತ್ತದೆ.

ಎಂಜಿನ್ ತಣ್ಣಗಿರುವಾಗ ಪ್ಲಗ್ ತೆಗೆದು, ವಾಲ್ವ್ ಕವರಿನ ಬೋಲ್ಟುಗಳನ್ನು ಬಿಚ್ಚಿ. ಪ್ಲಗ್ಗಿನ ತೂತಿನಲ್ಲಿ ಪೆನ್ನಿನ ರೀಫಿಲ್ ಅಥವಾ ಪ್ಲಾಸ್ಟಿಕ್ ಕಡ್ಡಿ ಇಳಿಬಿಟ್ಟು ಕೈಯಿಂದ ಎಂಜಿನ್ ತಿರುಗಿಸುತ್ತ ಹೋಗಿ. ಎರಡೂ ವಾಲ್ವ್ ಮುಚ್ಚಿರುವಾಗ ಪಿಸ್ಟನ್ ತುದಿ ಮುಟ್ಟಿ 6 ಮಿಲಿಮೀಟರಿನಷ್ಟು ಕೆಳಗಿಳಿದಲ್ಲಿ ನಿಲ್ಲಿಸಿ. ಆಗ ವಾಲ್ವಿನ ಸಂದಿನಲ್ಲಿ ಫೀಲರ್ ಗೇಜ್ (ಅಳತೆಯ ತೆಳು ಉಕ್ಕಿನ ಪಟ್ಟಿ) ಇಟ್ಟು ಅಳೆಯಿರಿ. ಈ ವರ್ಗದ ಬಹಳಷ್ಟು ಓವರ್‌ಹೆಡ್ ವಾಲ್ವ್ ಎಂಜಿನ್ನುಗಳಲ್ಲಿ ಇನ್‌ಲೆಟ್ 0.08ರಿಂದ 0.13, ಎಕ್ಸಾಸ್ಟ್ 0.13ರಿಂದ 0.18 ಮಿಲಿಮೀಟರ್. ಗೇಜ್ ಎಳೆದಾಗ ಹೊಸ ನೋಟುಗಳ ಕಟ್ಟಿನಿಂದ ಒಂದನ್ನು ಎಳೆದಂತೆ ಸಣ್ಣ ಹಿಡಿತ ಇರಬೇಕು. ಸಂದು ಸರಿಪಡಿಸಿ ನಟ್ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಲು ಮರೆಯಬೇಡಿ, ಬಿಗಿಯುವಾಗ ಸಂದು ಬದಲಾಗುತ್ತದೆ.

ಸಂದು ಸರಿ ಇದ್ದೂ ಎಂಜಿನ್ ಕಲ್ಲಿನಂತೆ ನಿಂತರೆ ಆಯಿಲ್ ಕಡ್ಡಿ ಎತ್ತಿ ಮೂಸಿ. ಆಯಿಲ್ ಮಟ್ಟ ಏರಿ ಪೆಟ್ರೋಲ್ ವಾಸನೆ ಬಂದರೆ ಕಾರ್ಬುರೇಟರಿಗೆ ಬರುವ ಪೆಟ್ರೋಲನ್ನು ತಡೆಯುವ ಸೂಜಿ ಸೋರಿ ಸಿಲಿಂಡರಿನಲ್ಲಿ ಪೆಟ್ರೋಲ್ ತುಂಬಿದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ. ಜಬರದಸ್ತಿಯಿಂದ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ತೆಗೆದು ಪೆಟ್ರೋಲ್ ಹೊರಹಾಕಿ, ಸೂಜಿ ಬದಲಿಸಿ, ಆಯಿಲನ್ನು ಕಡ್ಡಾಯವಾಗಿ ಬದಲಿಸಿ.

ಸೆಲ್ಫ್ ಗುಯ್ಯ್ ಅಂತ ತಿರಗತದ, ಎಂಜಿನ್ ಅಲ್ಲಾಡಂಗಿಲ್ಲ.

ಸೆಲ್ಫಿನ ಸಣ್ಣ ಗೇರು ಮೇಲೆ ಹಾರಿ ಎಂಜಿನ್ನಿನ ದೊಡ್ಡ ಚಕ್ರಕ್ಕೆ (ಫ್ಲೈವೀಲ್) ಕಚ್ಚುತ್ತಿಲ್ಲ. ಧೂಳು ಮೆತ್ತಿದ್ದರೆ ಒರೆಸಿ, ಹಲ್ಲು ಸವೆದಿದ್ದರೆ ಬದಲಿಸಿ. ಅಲ್ಲಿ ಗ್ರೀಸ್ ಮೆತ್ತಬೇಡಿ, ಧೂಳನ್ನು ಇನ್ನಷ್ಟು ಕರೆದು ತರುತ್ತದೆ.

ಎಂಜಿನ್ ಚಲೋ ತಿರಗತದ, ಆದ್ರ ಚಾಲೂ ಆಗವಲ್ದು. ಕಿಡಿನೋ ಪೆಟ್ರೋಲೋ ಹ್ಯಾಂಗ ತಿಳಿಯೋದು?

ಐದಾರು ಸಲ ಸೆಲ್ಫ್ ಹೊಡೆದ ಮೇಲೆ ಪ್ಲಗ್ ಬಿಚ್ಚಿ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಬರುತ್ತಿಲ್ಲ ಅಥವಾ ಚೋಕ್ ಅತಿಯಾಗಿದೆ. ಎಲುಬಿನಂತೆ ಒಣಗಿದ್ದರೆ ಪೆಟ್ರೋಲೇ ಮುಟ್ಟುತ್ತಿಲ್ಲ.

ಒದ್ದೆ ಇದ್ದರೆ: ಪ್ಲಗ್ಗಿನ ಗ್ಯಾಪ್ 0.76 ಮಿಲಿಮೀಟರ್ ಇದೆಯೇ ನೋಡಿ. ಸಿಲಿಂಡರ್ ಒಳಗಿನ ಪೆಟ್ರೋಲ್ ಆವಿ ಆರಲು ಹತ್ತು ನಿಮಿಷ ಬಿಟ್ಟು, ಪ್ಲಗ್ಗಿನ ತೂತಿಗೆ ಬಟ್ಟೆ ತುರುಕಿ, ಸ್ಪಾರ್ಕ್ ಟೆಸ್ಟರನ್ನು ತೂತಿನಿಂದ ದೂರದ ಲೋಹಕ್ಕೆ ಕಚ್ಚಿಸಿ ಸೆಲ್ಫ್ ಹೊಡೆಯಿರಿ. ಪ್ಲಗ್ಗನ್ನು ಕೈಯಲ್ಲಿ ಹಿಡಿದು ನೋಡುವ ಸಾಹಸ ಬೇಡ.

ಕಿಡಿ ಇಲ್ಲದಿದ್ದರೆ ಕಿಡಿ ಹುಟ್ಟಿಸುವ ಕಾಯಿಲ್ ತರಲು ಓಡಬೇಡಿ. ಇವು ಮ್ಯಾಗ್ನೆಟೊ ಎಂಜಿನ್ನುಗಳು; ಫ್ಲೈವೀಲಿನ ಮ್ಯಾಗ್ನೆಟ್ ಕಾಯಿಲ್ಲಿನ ಮುಂದೆ ಹಾಯ್ದಾಗ ಕಿಡಿ ಹುಟ್ಟುತ್ತದೆ, ಬ್ಯಾಟರಿ ಬೇಕಿಲ್ಲ. ಎಂಜಿನ್ ನಿಲ್ಲಿಸಲು ಕಾಯಿಲ್ಲಿನಿಂದ ಒಂದು ತೆಳು ವೈರ್ ಬಂದು ಬಾಡಿಗೆ ತಾಗುತ್ತದೆ, ಅಷ್ಟೇ. ಸೀಟಿನ ಸ್ವಿಚ್, ಬ್ಲೇಡ್ ಸ್ವಿಚ್, ಚಾವಿ ಎಲ್ಲವೂ ಆ ವೈರನ್ನೇ ಬಾಡಿಗೆ ಮುಟ್ಟಿಸಿ ಎಂಜಿನ್ ಆರಿಸುತ್ತವೆ. ಪರೀಕ್ಷೆಗಾಗಿ ಮಾತ್ರ ಆ ವೈರನ್ನು ಎಂಜಿನ್ ಹತ್ತಿರ ಬಿಚ್ಚಿ. ಕಿಡಿ ಬಂದರೆ ಕಾಯಿಲ್ ಗಟ್ಟಿ ಇದೆ, ತಪ್ಪು ಸ್ವಿಚ್ಚಿನಲ್ಲಿ ಅಥವಾ ಸಿಪ್ಪೆ ಸುಲಿದ ವೈರಿನಲ್ಲಿ. ಗಾಡಿಯೊಳಗೆ ಇಲಿ ಗೂಡು ಕಟ್ಟಿದ್ದರೆ ಮೊದಲು ಕಡಿದಿರುವುದು ಇಂಥ ವೈರನ್ನೇ. ನೆನಪಿರಲಿ: ಆ ವೈರ್ ಬಿಚ್ಚಿರುವಾಗ ಎಂಜಿನ್ ಚಾಲೂ ಆದರೆ ಚಾವಿಯಿಂದ ಆರುವುದಿಲ್ಲ, ಚೋಕ್ ಎಳೆದು ನಿಲ್ಲಿಸಬೇಕು. ಹಾಗಾಗಿ ಈ ಪರೀಕ್ಷೆಯಲ್ಲಿ ಪ್ಲಗ್ ಸಿಲಿಂಡರಿನ ಹೊರಗೇ ಇರಲಿ.

ವೈರ್ ಬಿಚ್ಚಿದರೂ ಕಿಡಿ ಬರದಿದ್ದರೆ ಆಗ ಕಾಯಿಲ್. ಫ್ಲೈವೀಲಿಗೂ ಕಾಯಿಲ್ಲಿಗೂ ನಡುವಿನ ಸಂದು 0.25ರಿಂದ 0.35 ಮಿಲಿಮೀಟರ್, ಒಂದು ವಿಸಿಟಿಂಗ್ ಕಾರ್ಡಿನ ದಪ್ಪ. ಕಾರ್ಡನ್ನು ನಡುವೆ ಇಟ್ಟು, ಮ್ಯಾಗ್ನೆಟ್ ಕಾಯಿಲನ್ನು ಎಳೆದುಕೊಂಡಾಗ ಸ್ಕ್ರೂ ಬಿಗಿ ಮಾಡಿ, ಕಾರ್ಡ್ ಎಳೆದುಬಿಡಿ.

ಪ್ಲಗ್ ಒಣಗೇ ಅದ. ಟ್ಯಾಂಕ್ ತುಂಬ ಪೆಟ್ರೋಲ್ ಅದ. ಮತ್ತ?

ಟ್ಯಾಂಕಿನಿಂದ ಕಾರ್ಬುರೇಟರಿನವರೆಗೆ ಪೈಪಿನ ಗುಂಟ ನಡೆಯಿರಿ. ಪೆಟ್ರೋಲ್ ಕಾಕ್ ತೆರೆದಿದೆಯೇ? ಫಿಲ್ಟರಿನಲ್ಲಿ ಕಸವಿದೆಯೇ? ಕಾರ್ಬುರೇಟರ್ ಹತ್ತಿರ ಪೈಪ್ ಕಿತ್ತು ಬಾಟಲಿಗೆ ಹಿಡಿದರೆ ಪೆಟ್ರೋಲ್ ಸುರಿಯಬೇಕು. ಟ್ಯಾಂಕ್ ಸೀಟಿನ ಕೆಳಗೆ ತಗ್ಗಿನಲ್ಲಿದ್ದರೆ ತಾನಾಗಿ ಇಳಿಯುವುದಿಲ್ಲ. ಸೆಲ್ಫ್ ಹೊಡೆದಾಗ ಎಂಜಿನ್ನಿನ ಒತ್ತಡದಿಂದ ನಡೆಯುವ ಸಣ್ಣ ಪಂಪು ಚಿಮ್ಮಿ ಚಿಮ್ಮಿ ಕೊಡಬೇಕು. ಆ ಪಂಪಿನ ರಬ್ಬರ್ ಪೊರೆ ಹರಿದರೆ ಬರುವುದಿಲ್ಲ.

ಇಲ್ಲಿಯವರೆಗೆ ಪೆಟ್ರೋಲ್ ಬಂದಿದ್ದರೆ ಕಾರ್ಬುರೇಟರಿನ ಬಟ್ಟಲಿನ ಅಡಿಗೆ ಸಿಕ್ಕಿಸಿದ ಉರುಟು ತುಂಡನ್ನು ನೋಡಿ. ಚಾವಿ ಆನ್ ಮಾಡಿದಾಗ ಅದು ಟಕ್ ಎನ್ನಬೇಕು. ಚಾವಿ ಆಫ್ ಮಾಡಿದ ಕೂಡಲೇ ಪೆಟ್ರೋಲ್ ನಿಲ್ಲಿಸಿ ಸೈಲೆನ್ಸರ್ ಢಂ ಎನ್ನದಂತೆ ಮಾಡುವುದು ಅದರ ಕೆಲಸ. ಅದಕ್ಕೆ ಕರೆಂಟ್ ಬರದಿದ್ದರೆ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತು) ಮುಚ್ಚಿಯೇ ಇರುತ್ತದೆ, ಟ್ಯಾಂಕ್ ತುಂಬಿದ್ದರೂ ಎಂಜಿನ್ ಉಪವಾಸ.

ಪೆಟ್ರೋಲ್ ಎರಡು ತಿಂಗಳ ಹಿಂದಿನದು. ನಡೀತದಲ್ಲ?

ನಡೆಯುವುದಿಲ್ಲ. ಬೈಕಿನಲ್ಲಿ ನಡೆದೀತು, ಏಕೆಂದರೆ ಬೈಕು ದಿನಾ ಓಡುತ್ತದೆ. ಈಗ ಪಂಪಿನಲ್ಲಿ ಸಿಗುವುದು ಇ20, ಅಂದರೆ 20 ಪ್ರತಿಶತದವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಬಹಳಷ್ಟು ಹುಲ್ಲುಗಾಡಿಗಳ ಪುಸ್ತಕದಲ್ಲಿ ಎಥೆನಾಲ್ 10 ಪ್ರತಿಶತ ಮೀರಬಾರದು ಎಂದಿರುತ್ತದೆ. ಕಬ್ಬಿನಿಂದ ಎಥೆನಾಲ್ ತೆಗೆಯುವ ಕಾರ್ಖಾನೆಗಳು ನಮ್ಮ ಸುತ್ತಲೇ ಇವೆ. ನಮ್ಮ ಕಬ್ಬೇ ಸುತ್ತಿ ಬಳಸಿ ನಮ್ಮ ಕಾರ್ಬುರೇಟರಿಗೆ ಬಂದು ಕೂರುತ್ತದೆ ಅನ್ನಿ.

ಎಥೆನಾಲ್ ಗಾಳಿಯ ತೇವ ಹೀರುತ್ತದೆ. ಜುಲೈ ತಿಂಗಳ ಬೆಳಗಾವಿಯ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ನೀರು ಮಿತಿ ಮೀರಿದಾಗ ಎಥೆನಾಲನ್ನೂ ಜೊತೆಗೆ ಎಳೆದುಕೊಂಡು ತಳಕ್ಕೆ ಇಳಿಯುತ್ತದೆ. ಕಾರ್ಬುರೇಟರಿಗೆ ಹೋಗುವ ಪೈಪು ಇರುವುದೂ ತಳದಲ್ಲೇ. ಅನುಮಾನವಿದ್ದರೆ ಬಟ್ಟಲಿನ ಕೆಳಗಿನ ಬೋಲ್ಟ್ ಸಡಿಲಿಸಿ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಇಡಿ. ಅಡಿಯಲ್ಲಿ ಬೇರೆ ಪದರ ನಿಂತರೆ, ಅಥವಾ ಹಳೆಯ ಬಣ್ಣದಂಥ ಹುಳಿ ವಾಸನೆ ಬಂದರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಹೊಸದನ್ನು ಹಳೆಯದಕ್ಕೆ ಬೆರೆಸಿ ಸರಿಮಾಡಲು ಹೋಗಬೇಡಿ.

ತಿಂಗಳಿಗೆ ಸಾಕಾಗುವಷ್ಟೇ ತನ್ನಿ. ಹೆಚ್ಚು ದಿನ ಇಡಲೇಬೇಕಿದ್ದರೆ ತಂದ ದಿನವೇ ಫ್ಯೂಯೆಲ್ ಸ್ಟೆಬಿಲೈಸರ್ (ಪೆಟ್ರೋಲ್ ಬೇಗ ಕೆಡದಂತೆ ತಡೆಯುವ ದ್ರವ) ಹಾಕಿ. ಕೆಟ್ಟ ಮೇಲೆ ಹಾಕಿದರೆ ಅದು ಏನೂ ಮಾಡದು.

ಕಾರ್ಬುರೇಟರ್ ತೊಳಿಬೇಕಾದ್ರ?

ಬ್ಯಾಟರಿಯ ಮೈನಸ್ ಬಿಚ್ಚಿ, ಪೆಟ್ರೋಲ್ ಪೈಪನ್ನು ಕ್ಲಿಪ್ಪಿನಿಂದ ಹಿಸುಕಿ. ಎಂಜಿನ್ ವೇಗವನ್ನು ಹಿಡಿತದಲ್ಲಿಡುವ ಗವರ್ನರಿನ ಸ್ಪ್ರಿಂಗ್ ಯಾವ ತೂತಿನಲ್ಲಿದೆ ಎಂದು ಬಿಚ್ಚುವ ಮೊದಲೇ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಇದನ್ನು ಬಿಟ್ಟವರು ಆಮೇಲೆ ಅರ್ಧ ದಿನ ತಲೆ ಕೆರೆದುಕೊಳ್ಳುತ್ತಾರೆ. ಬಟ್ಟಲು ಇಳಿಸಿ, ತೇಲುವ ಫ್ಲೋಟಿನ ಪಿನ್ ಎಳೆದು ಸೂಜಿ ತೆಗೆಯಿರಿ. ಅದರ ತುದಿಯಲ್ಲಿ ಸುತ್ತಲೂ ಗೆರೆ ಬಿದ್ದಿದ್ದರೆ ಹೊಸದು ಬೇಕು. ನಡುವಿನ ಜೆಟ್ಟನ್ನು ಬೆಳಕಿಗೆ ಹಿಡಿದಾಗ ದುಂಡನೆಯ ಚುಕ್ಕೆ ಕಾಣಬೇಕು. ಕ್ಲೀನರ್ ಸ್ಪ್ರೇ ಹೊಡೆದು ಗಾಳಿ ಊದಿ. ಜೆಟ್ಟಿನಲ್ಲಿ ಸೂಜಿ, ಪಿನ್ನು ಆಡಿಸಬೇಡಿ. ಹಿತ್ತಾಳೆ ಮೆತ್ತಗಿರುತ್ತದೆ, ತೂತು ದೊಡ್ಡದಾದರೆ ಗಾಡಿ ಹೊಗೆಯುಗುಳುತ್ತಲೇ ಇರುತ್ತದೆ.

ಚೋಕ್ ಎಷ್ಟು ಎಳೀಬೇಕು?

ಬೆಳಗಾವಿಯ ಡಿಸೆಂಬರ್ ಮುಂಜಾನೆಯಾದರೆ ಪೂರ್ತಿ; ಚಾಲೂ ಆದ ಅರ್ಧ ನಿಮಿಷದಲ್ಲಿ ನಿಧಾನಕ್ಕೆ ಬಿಡುತ್ತ ಬನ್ನಿ. ಏಪ್ರಿಲ್‌ನ ವಿಜಯಪುರದಲ್ಲಿ ಸ್ವಲ್ಪವೇ ಸಾಕು, ಬಿಸಿ ಎಂಜಿನ್ನಿಗೆ ಬೇಡವೇ ಬೇಡ. ಪೆಟ್ರೋಲ್ ಹೆಚ್ಚಾಗಿ ಉಸಿರುಗಟ್ಟಿದರೆ ಚೋಕ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಕೊಟ್ಟು ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ 5 ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಒಂದು ನಿಮಿಷ ಬಿಡಿ. ಬಿಡದಿದ್ದರೆ ಸೆಲ್ಫ್ ಮೋಟರ್ ಸುಡುತ್ತದೆ.

ಅರ್ಧ ತಾಸು ಚಲೋ ಓಡತದ, ಆಮ್ಯಾಲೆ ಬಂದ್ ಬೀಳತದ. ಆರಿದ ಮ್ಯಾಲೆ ಮತ್ತ ಚಾಲೂ ಆಗತದ.

ಬಂದ್ ಬಿದ್ದ ಆ ಕ್ಷಣವೇ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲಿಸಿ. ಸುಸ್ ಎಂದು ಗಾಳಿ ಒಳಗೆ ಎಳೆದು ಗಾಡಿ ಚಾಲೂ ಆದರೆ ಮುಚ್ಚಳದ ಗಾಳಿತೂತು ಕಟ್ಟಿದೆ. ತೊಳೆಯಿರಿ, ಆಗದಿದ್ದರೆ ಮುಚ್ಚಳವನ್ನೇ ಬದಲಿಸಿ.

ಅದಲ್ಲದಿದ್ದರೆ ಬಿಸಿ ಇರುವಾಗಲೇ ಕಿಡಿ ನೋಡಿ. ತಣ್ಣಗಿದ್ದಾಗ ಕಿಡಿ ಕೊಟ್ಟು ಕಾಯ್ದಾಗ ಕೈಕೊಡುವ ಕಾಯಿಲ್‌ಗಳಿವೆ. ಆರಿದ ಮೇಲೆ ಪರೀಕ್ಷಿಸಿದರೆ ಅವು ಸಿಕ್ಕಿಬೀಳುವುದಿಲ್ಲ. ಹಾಗೆಯೇ ಎಂಜಿನ್ ಮೇಲಿನ ತಗಡಿನ ಕವರ್ ತೆಗೆದು ಒಳಗೆ ಇಣುಕಿ. ಒಣ ಹುಲ್ಲು, ಎರೆ ಧೂಳು ಸೇರಿ ಸಿಲಿಂಡರಿನ ರೆಕ್ಕೆಗಳ ನಡುವೆ ಕುಳ್ಳಿನಂತೆ ಗಟ್ಟಿಯಾಗಿ ಕೂತಿರುತ್ತದೆ. ಕಡ್ಡಿಯಿಂದ ಕೆದರಿ ಗಾಳಿ ಊದಿ ತೆಗೆಯಿರಿ. ಬಿಸಿ ಎಂಜಿನ್ ಮೇಲೆ ನೀರು ಹೊಡೆಯಬೇಡಿ.

ಸೀಟಿನ ಸ್ವಿಚ್ಚಿನ ವೈರ್ ಜೋಡಿಸಿ ಬಿಟ್ರ ಆತಲ್ಲ?

ಆಗುವುದಿಲ್ಲ. ಇಳಿಜಾರಿನಲ್ಲಿ ಮನುಷ್ಯ ಕೆಳಗೆ ಬಿದ್ದರೆ ಬ್ಲೇಡ್ ನಿಲ್ಲಿಸಲು ಇರುವುದು ಅದೊಂದೇ ಸ್ವಿಚ್ಚು. ಹೊಸದು ಹಾಕಿಸಿ.

ಮಳಿಗಾಲ ಮುಗದ ಮ್ಯಾಲೆ ಮೂರು ನಾಲ್ಕು ತಿಂಗಳು ನಿಲ್ಲಸ್ತೀವಿ. ಏನು ಮಾಡಿಡಬೇಕು?

ಟ್ಯಾಂಕ್ ಖಾಲಿ ಮಾಡಿ, ಕಾಕ್ ಮುಚ್ಚಿ, ಎಂಜಿನ್ ತಾನಾಗಿ ಆರುವವರೆಗೂ ಓಡಿಸಿ. ಬಟ್ಟಲಿನಲ್ಲಿ ಉಳಿದ ಹನಿಯನ್ನೂ ಇಳಿಸಿ. ಬ್ಯಾಟರಿ ಬಿಚ್ಚಿ ನೆರಳಿನಲ್ಲಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಸೈಲೆನ್ಸರ್ ಬಾಯಿಗೆ ಮತ್ತು ಗಾಳಿ ಫಿಲ್ಟರಿನ ಬಾಯಿಗೆ ಬಟ್ಟೆ ಕಟ್ಟಿ, ಕಣಜ ಮಣ್ಣಿನ ಗೂಡು ಕಟ್ಟುವುದು ಅಲ್ಲೇ. ಬಟ್ಟೆ ಕಟ್ಟಿದ್ದೀರಿ ಎಂದು ಸ್ಟೀರಿಂಗ್ ಮೇಲೆ ಚೀಟಿ ಅಂಟಿಸಿ. ಜೋಳದ ಚೀಲ, ಮೇವು ಇರುವ ಕೋಣೆಯಲ್ಲಿ ನಿಲ್ಲಿಸಿದರೆ ಇಲಿಗಳಿಗೆ ಊಟ, ಮನೆ ಎರಡೂ ಒಂದೇ ಕಡೆ ಸಿಕ್ಕಂತೆ.

ಬಿಡಿಭಾಗ ಎಲ್ಲಿ ಸಿಗತಾವ?

ಪ್ಲಗ್, ಫ್ಯೂಸ್, ಪೈಪ್, ಫಿಲ್ಟರ್, ನಾಲ್ಕು ಬೋಲ್ಟಿನ ಸೊಲೆನಾಯ್ಡ್ ಯಾವುದೇ ಆಟೊಮೊಬೈಲ್ ಅಂಗಡಿಯಲ್ಲಿ ಹೊಂದುವಂಥವು ಸಿಗಬಹುದು. ಬುಶ್, ಪಿನ್, ಮುರಿದ ಬ್ರಾಕೆಟ್‌ನಂಥ ಲೇಥ್ ಮತ್ತು ವೆಲ್ಡಿಂಗ್ ಕೆಲಸಕ್ಕೆ ಬೆಳಗಾವಿಯ ಉದ್ಯಮಬಾಗ್ ಕೈಗಾರಿಕಾ ಪ್ರದೇಶವಿದೆ. ಕಾರ್ಬುರೇಟರ್ ಕಿಟ್, ಕಾಯಿಲ್, ಗ್ಯಾಸ್ಕೆಟ್ ಮಾತ್ರ ಎಂಜಿನ್ನಿನ ನಂಬರ್ ಹೇಳಿಯೇ ತರಿಸಬೇಕು. ಗಾಡಿಯ ಕಂಪನಿ ಬೇರೆ, ಎಂಜಿನ್ನಿನ ಕಂಪನಿ ಬೇರೆ ಇರುವುದೇ ಹೆಚ್ಚು. ಸೀಟಿನ ಕೆಳಗಿನ ಸ್ಟಿಕ್ಕರಿನ ನಂಬರ್ ಗಾಡಿಯದು. ಎಂಜಿನ್ನಿನದು ಫ್ಯಾನ್ ಕವರಿನ ಅಥವಾ ವಾಲ್ವ್ ಕವರಿನ ಲೋಹದ ಮೇಲೆ ಒತ್ತಿರುತ್ತದೆ: ಮಾದರಿ, ನಮೂನೆ, ತಯಾರಿಕೆಯ ಸಂಕೇತ ಎಂದು ಮೂರು ಸಾಲು ಅಥವಾ ಮೂರು ಗುಂಪು. ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಸೀಮೆಸುಣ್ಣ ಉಜ್ಜಿದರೆ ಅಂಕಿಗಳು ಎದ್ದು ಕಾಣುತ್ತವೆ. ಮೂರನ್ನೂ ಫೋಟೊ ತೆಗೆದು ಕಳಿಸಿ.